ಸುಟ್ಟ ತೋಟಾದ ತಳದ ಗುರುತುಗಳು

ಹಿತ್ತಾಳೆಯ ಗುಜರಿಯೊಡನೆ ಒಮ್ಮೊಮ್ಮೆ ರೈಫಲಿನ ಖಾಲಿ ತೋಟಾಗಳೂ ಸೇರಿ ಬರುವುದುಂಟು. ಸೈನ್ಯದಲ್ಲಿ ಇವಕ್ಕೆ ‘ಖೋಖಾ’ ಎಂದು ಹೆಸರು. ಮುಂಬಯಿ, ಪುಣೆಗಳಲ್ಲಿ ಗುಜರಿ ಅಂಗಡಿಯಲ್ಲಿಯೋ ಎರಕದ ಕಾರಖಾನೆಯಲ್ಲಿಯೋ ದುಡಿಯುವವರು ಇವುಗಳ ತಳದಲ್ಲಿರುವ ಗುರುತುಗಳ ಅರ್ಥವನ್ನು ತಿಳಿದಿರುವುದು ಒಳ್ಳೆಯದು. ಯಾವ ಗುರುತು ಕಾರಖಾನೆಯದು, ಯಾವುದು ಬಂದೂಕಿನದು ಎಂಬುದನ್ನು ಅರಿಯದೆ ಹೋದರೆ ಜೀವಕ್ಕೇ ಅಪಾಯವಾಗಬಹುದು.

ಮೊದಲು ತೋಟಾದ ರಚನೆಯನ್ನು ನೋಡೋಣ. ಇದರಲ್ಲಿ ನಾಲ್ಕು ಭಾಗಗಳು: ಹಿತ್ತಾಳೆಯ ಕೊಳವೆ, ಅದರೊಳಗಣ ಮದ್ದು, ಬಾಯಲ್ಲಿ ಕೂರಿಸಿದ ಗುಂಡು, ತಳದ ನಡುವೆ ಕೂರಿಸಿದ ಚಿಕ್ಕ ಬಟ್ಟಲಿನಂಥ ಕೇಪು. ಕೊಳವೆಯ ಹಿತ್ತಾಳೆಯಲ್ಲಿ ನೂರಕ್ಕೆ ೭೦ ಪಾಲು ತಾಮ್ರ, ೩೦ ಪಾಲು ಸತುವು. ಕೇಪು ಎಂಬ ಮಾತು ನಮ್ಮ ಮಲೆನಾಡಿನವರಿಗೆ ಹೊಸದಲ್ಲ. ಕೇಪಿನ ಕೋವಿಯನ್ನು ಅವರು ಬಲ್ಲರು. ಕುದುರೆಯನ್ನು ಎಳೆದಾಗ ಬಂದೂಕಿನ ಸೂಜಿ ಕೇಪಿನ ನಡುವೆ ಹೊಡೆಯುತ್ತದೆ. ಕೇಪಿನಲ್ಲಿರುವ ಸಿಡಿಯುವ ಪದಾರ್ಥ ಹೊತ್ತಿ, ಆ ಕಿಡಿ ಮದ್ದಿಗೆ ತಾಗುತ್ತದೆ.

ಬೇಟೆಯ ಬಂದೂಕಿನ ತೋಟಾದಲ್ಲಿ ಕೇಪು ತನ್ನ ಗುಳಿಯಲ್ಲಿ ಬಿಗಿಯಾಗಿ ಕುಳಿತಿದ್ದರೆ ಸಾಕು. ಆದರೆ ಸೈನ್ಯದ ತೋಟಾ ಒಂದೇ ಸಮನೆ ಹಾರುವ ಮೆಷಿನ್‌ಗನ್ನಿನಲ್ಲಿಯೂ ನಡೆಯಬೇಕು. ಅಲ್ಲಿಯ ಒತ್ತಡಕ್ಕೂ ಕುಲುಕಾಟಕ್ಕೂ ಕೇಪು ಸಡಿಲಗೊಂಡು ಹೊರಬಿದ್ದರೆ, ಯಂತ್ರದ ಸಂದಿಯಲ್ಲಿ ಸಿಕ್ಕಿ ಬಂದೂಕೇ ನಿಂತುಹೋಗುತ್ತದೆ. ಯುದ್ಧದ ನಡುವೆ ಹೀಗಾದರೆ ಸಿಪಾಯಿಯ ಗತಿಯೇನು? ಆದುದರಿಂದ ಕೇಪನ್ನು ಕೂರಿಸಿದ ಮೇಲೆ ಕಾರಖಾನೆಯವರು ಗುಳಿಯ ಅಂಚಿನ ಹಿತ್ತಾಳೆಯನ್ನು ಒಳಕ್ಕೆ ಒತ್ತಿ ಬಿಗಿ ಮಾಡುತ್ತಾರೆ. ಅಕ್ಕಸಾಲಿಗನು ಉಂಗುರದಲ್ಲಿ ಹರಳನ್ನಿಟ್ಟು, ಅದು ಜಾರದಂತೆ ಸುತ್ತಲಿನ ಚಿನ್ನವನ್ನು ಹರಳಿನ ಮೇಲೆ ಮಡಿಸುವನಷ್ಟೆ. ಇದೂ ಅದೇ ಕೆಲಸ. ಇಂಗ್ಲಿಷಿನಲ್ಲಿ ಇದಕ್ಕೆ ‘ಕ್ರಿಂಪ್’ ಎನ್ನುತ್ತಾರೆ; ನಾವು ಅಂಚೊತ್ತು ಎನ್ನೋಣ.

ಅಂಚೊತ್ತಿನಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಬಳೆಯೊತ್ತು. ಕೇಪಿನ ಸುತ್ತ ಬಳೆಯಂತೆ ಒಂದು ಸಣ್ಣ ತಗ್ಗು ಗೆರೆ ಪೂರ್ಣವಾಗಿ ಸುತ್ತುವರಿದಿರುತ್ತದೆ. ಅಮೆರಿಕದ ಮಿಸೌರಿಯಲ್ಲಿ ೧೯೪೧ರಲ್ಲಿ ಆರಂಭವಾದ ಲೇಕ್ ಸಿಟಿ ಕಾರಖಾನೆಯ ೫.೫೬ ಮತ್ತು ೭.೬೨ ಮಿಲಿಮೀಟರಿನ ತೋಟಾಗಳಲ್ಲಿ ಇದನ್ನು ಸಾಮಾನ್ಯವಾಗಿ ಕಾಣಬಹುದು. ಎರಡನೆಯದು ಚುಚ್ಚೊತ್ತು. ಕೇಪಿನ ಅಂಚಿನ ಹೊರಗೆ ಉಳಿಯಿಂದ ಕುಟ್ಟಿದಂತೆ ಮೂರು ಕಡೆ, ಕೆಲವದರಲ್ಲಿ ಎರಡು ಇಲ್ಲವೆ ನಾಲ್ಕು ಕಡೆ, ಗುಂಡಿಗಳಿರುತ್ತವೆ. ಪ್ರತಿಯೊಂದು ಗುಂಡಿಯ ಎದುರಿಗೂ ಹಿತ್ತಾಳೆ ಸ್ವಲ್ಪ ಕೇಪಿನ ಮೇಲೆ ಹರಿದಿರುತ್ತದೆ. ಅಂಚೊತ್ತು ಇಲ್ಲದ ತೋಟಾದಲ್ಲಿ ಕೇಪಿನ ಸುತ್ತ ಒಂದು ಕೂದಲೆಳೆಯ ಸಂದಿ ಮಾತ್ರ ಕಾಣುತ್ತದೆ. ದೀಪವನ್ನು ಮೇಲಿನಿಂದ ಹಿಡಿಯದೆ ಪಕ್ಕದಿಂದ ಹಿಡಿದು, ಭೂತಗನ್ನಡಿಯಲ್ಲಿ ನೋಡಿದರೆ ಈ ಭೇದ ಸ್ಪಷ್ಟವಾಗುತ್ತದೆ.

ಕೇಪಿನ ಸುತ್ತ ಬಣ್ಣದ ಗೆರೆಯಿದ್ದರೆ ಅದು ಅಂಚೊತ್ತಲ್ಲ. ತೇವ ಒಳಸೇರದಂತೆ ಹಚ್ಚಿದ ಅರಗು. ಬ್ರಿಟಿಷರ .೩೦೩ ತೋಟಾಗಳಲ್ಲಿ ಈ ಬಣ್ಣಕ್ಕೂ ಅರ್ಥವಿತ್ತು. ನೇರಿಳೆ ಬಣ್ಣ ಸಾಧಾರಣ ಗುಂಡಿಗೆ, ಕೆಂಪು ಹಾರುವಾಗ ಬೆಳಕಿನ ಜಾಡು ತೋರುವ ಗುಂಡಿಗೆ, ಹಸುರು ಉಕ್ಕಿನ ಹೊದಿಕೆಯನ್ನು ಭೇದಿಸುವ ಗುಂಡಿಗೆ. ಇನ್ನು ತಳದಲ್ಲಿ ಕೊರೆದ ಅಕ್ಷರಗಳು ಕಾರಖಾನೆಯನ್ನು ಸೂಚಿಸುತ್ತವೆ. ‘ಕೆ ಎಫ್’ ಎಂದಿದ್ದರೆ ಅದು ಪುಣೆಯ ಖಡಕಿಯದು. ೧೮೬೯ರಲ್ಲಿ ಸ್ಥಾಪನೆಯಾದ ಆ ಕಾರಖಾನೆ ೨೦೨೧ರಿಂದ ಮ್ಯುನಿಷನ್ಸ್ ಇಂಡಿಯಾ ಎಂಬ ಸರಕಾರಿ ಕಂಪನಿಗೆ ಸೇರಿದೆ.

ಅಮೆರಿಕದಲ್ಲಿ ಖಾಲಿ ತೋಟಾಗಳಿಗೆ ಹೊಸ ಕೇಪು, ಮದ್ದು, ಗುಂಡು ತುಂಬಿ ಮರಳಿ ಬಳಸುವ ಹವ್ಯಾಸ ಬಹಳ. ಅಲ್ಲಿಯವರಿಗೆ ಅಂಚೊತ್ತಿನ ಪರೀಕ್ಷೆ ನಿತ್ಯದ ಕೆಲಸ. ಹಳೆಯ ಕೇಪನ್ನು ತೆಗೆದ ಮೇಲೂ ಒಳಮಡಿಸಿದ ಅಂಚು ಉಳಿದಿರುತ್ತದೆ. ಅದನ್ನು ಹೆರೆದೋ ಒತ್ತಿ ಹಿಗ್ಗಿಸಿಯೋ ತೆಗೆಯದೆ ಹೊಸ ಕೇಪನ್ನು ತುರುಕಿದರೆ, ಕೇಪು ನಜ್ಜಾಗಿ ಸಿಡಿಯಲೂಬಹುದು. ಹೆರೆದ ಗುಳಿಯ ಬಾಯಿ ಆಲಿಕೆಯಂತೆ ಇಳಿಜಾರಾಗಿ ಹೊಳೆಯುತ್ತದೆ. ಒತ್ತಿ ಹಿಗ್ಗಿಸಿದ್ದರೆ ಅಂಚು ದುಂಡಗಾಗಿರುತ್ತದೆ. ನಮ್ಮ ದೇಶದಲ್ಲಾದರೋ ೧೯೫೯ರ ಆಯುಧ ಕಾಯಿದೆಯಂತೆ ಲೈಸೆನ್ಸಿಲ್ಲದೆ ತೋಟಾ ತಯಾರಿಸುವುದು ಅಪರಾಧ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಬಳೆಯೊತ್ತಾಗಲಿ ಚುಚ್ಚೊತ್ತಾಗಲಿ ತೋಟಾ ಹಾರಿದ್ದಕ್ಕೆ ಗುರುತಲ್ಲ. ಅವು ಹುಟ್ಟಿನಿಂದಲೇ ಬಂದವು. ಹಾರದ ತೋಟಾದಲ್ಲಿಯೂ ಇರುತ್ತವೆ. ತಳದಲ್ಲಿ ಮೂರು ಗುಂಡಿಗಳನ್ನು ಕಂಡು, ‘ಇದು ಸುಟ್ಟದ್ದು, ಭಯವಿಲ್ಲ’ ಎಂದು ಮೂಸೆಗೆ ಹಾಕಿದರೆ, ಬೆಂಕಿಯಲ್ಲಿ ತೋಟಾ ಸಿಡಿದು ಹಿತ್ತಾಳೆಯ ಚೂರುಗಳು ಕಣ್ಣಿಗೆ ಮುಖಕ್ಕೆ ಹಾರುತ್ತವೆ. ಹಾರಿದ್ದಕ್ಕೆ ಗುರುತು ಕೇಪಿನ ನಟ್ಟನಡುವಿನ ಸೂಜಿಯ ಗುಳಿ. ಜೊತೆಗೆ ಬಾಯಿ ತೆರೆದಿರಬೇಕು, ಒಳಗೆ ಮಸಿ ಇರಬೇಕು. ಒಂದೇ ಗುರುತನ್ನು ನಂಬಬಾರದು. ಸೂಜಿಯ ಗುಳಿಯಿದ್ದೂ ಗುಂಡು ಬಾಯಲ್ಲೇ ಇದ್ದರೆ ಅದು ಹುಸಿಹೋದ ತೋಟಾ. ಒಳಗೆ ಮದ್ದು ಹಾಗೆಯೇ ಇದೆ. ಗುಂಡಿಲ್ಲದಿದ್ದರೂ ಕೇಪು ನುಣುಪಾಗಿದ್ದರೆ ಆ ಕೇಪು ಇನ್ನೂ ಜೀವಂತವಾಗಿದೆ.

ಪೋಲೀಸು ತನಿಖೆಯಲ್ಲಿಯೂ ಇದೇ ಭೇದ ನಡೆಯುತ್ತದೆ. ಅಂಚೊತ್ತು ಸಾವಿರಾರು ತೋಟಾಗಳಿಗೆ ಒಂದೇ ತರನಾದುದರಿಂದ ಯಾವ ಬಂದೂಕು ಎಂದು ಹೇಳಲಾರದು. ಸೂಜಿಯ ಗುರುತಾದರೋ ಆಯಾ ಬಂದೂಕಿನ ಬೆರಳೊತ್ತಿನಂತೆ ಸಾಕ್ಷಿ ಹೇಳಬಲ್ಲದು.

ಆದುದರಿಂದ ಗುಜರಿಯಲ್ಲಿ ಸಂಶಯದ ತೋಟಾ ಕಂಡರೆ ಕುಟ್ಟಬೇಡಿ, ಗರಗಸ ಹಾಕಬೇಡಿ, ಕಾಯಿಸಬೇಡಿ. ಇದ್ದಲ್ಲಿಯೇ ಬಿಟ್ಟು ಮೇಸ್ತ್ರಿಗೆ ಹೇಳಿ, ೧೧೨ಕ್ಕೆ ಫೋನು ಮಾಡಿ ಪೋಲೀಸರಿಗೆ ತಿಳಿಸಿರಿ. ಚೆಂದವೆಂದು ಬೀಗದ ಕೈ ಗೊಂಚಲಿಗೆ ಪೋಣಿಸಿಕೊಳ್ಳುವುದೂ ಬೇಡ. ತೋಟಾದ ಬಿಡಿಭಾಗಗಳನ್ನೂ ಆಯುಧ ಕಾಯಿದೆ ಮದ್ದುಗುಂಡು ಎಂದೇ ಎಣಿಸುತ್ತದೆ. ಊರಿಗೆ ಹೊರಟವರು ವಿಮಾನ ನಿಲ್ದಾಣದ ತಪಾಸಣೆಯಲ್ಲಿ ವೃಥಾ ತೊಂದರೆಗೆ ಸಿಕ್ಕಾರು.