ಫೋನ್ ಇಡುವ ಮುನ್ನ ಇಷ್ಟನ್ನು ಕೇಳಿ

ಆಸ್ಟ್ರೇಲಿಯಾದಲ್ಲಿರುವ ಮಗ ಒಂದು ದಿನ ಫೋನ್ ಮಾಡುತ್ತಾನೆ. "ಉಮ್ಮಾ, ಗೆಳೆಯರ ಜೊತೆ ಹತ್ತು ದಿನ ಒಳನಾಡಿಗೆ ಹೋಗುತ್ತಿದ್ದೇನೆ. ರಾತ್ರಿ ಟೆಂಟಿನಲ್ಲಿ ಮಲಗುವುದು, ಹಗಲು ಮೀನು ಹಿಡಿಯುವುದು. ಅಲ್ಲಿ ಫೋನ್ ಸಿಗದು, ಗಾಬರಿಯಾಗಬೇಡಿ" ಎನ್ನುತ್ತಾನೆ. ನೀವೇನು ಹೇಳುತ್ತೀರಿ? "ಹುಷಾರಾಗಿ ಹೋಗಿ ಬಾ" ಎಂದು ಫೋನ್ ಇಡುತ್ತೀರಿ. ಆದರೆ ಅಷ್ಟು ಸಾಲದು. ಕೇಳಲೇಬೇಕಾದ ಕೆಲವು ಪ್ರಶ್ನೆಗಳಿವೆ.

ಮೊದಲು ಆ ದಾರಿ ಎಂಥದೆಂದು ತಿಳಿದುಕೊಳ್ಳಿ. ದಕ್ಷಿಣ ಆಸ್ಟ್ರೇಲಿಯಾದ ಮರ್ರೀ ಊರಿನಿಂದ ಕ್ವೀನ್ಸ್‌ಲ್ಯಾಂಡಿನ ಬರ್ಡ್ಸ್‌ವಿಲ್ ತನಕ 517 ಕಿಲೋಮೀಟರ್ ಉದ್ದದ ಮಣ್ಣು ಜಲ್ಲಿಯ ರಸ್ತೆಯಿದೆ. ಇಕ್ಕೆಲಗಳಲ್ಲೂ ಮರುಭೂಮಿ. ಹಿಂದೆ ದನಗಳ ಹಿಂಡನ್ನು ಈ ದಾರಿಯಾಗಿ ಮರ್ರೀಯ ರೈಲು ನಿಲ್ದಾಣಕ್ಕೆ ಅಟ್ಟಿಕೊಂಡು ಬರುತ್ತಿದ್ದರು. ಒಳನಾಡಿನ ಮನೆಗಳಿಗೆ ಹಿಟ್ಟು, ಸಕ್ಕರೆ, ಬಟ್ಟೆ ಹೊತ್ತು ಸಾಗುತ್ತಿದ್ದುದು ಒಂಟೆಗಳು. ಅವುಗಳನ್ನು ನಡೆಸುತ್ತಿದ್ದವರು ಅಫ್ಘಾನಿಸ್ತಾನ, ಬಲೂಚಿಸ್ತಾನ, ಸಿಂಧ್, ಪಂಜಾಬ್ ಕಡೆಗಳಿಂದ ಬಂದವರು, ಹೆಚ್ಚಿನವರು ಮುಸ್ಲಿಮರು. ಮರ್ರೀಯಲ್ಲಿ ಅವರು ಮಣ್ಣಿನ ಗೋಡೆಯ ಮಸೀದಿಯೊಂದನ್ನು ಕಟ್ಟಿಕೊಂಡಿದ್ದರು. ಅದರ ಮಾದರಿಯನ್ನು ಇಂದಿಗೂ ಅಲ್ಲಿ ಕಾಣಬಹುದು.

ಈಗ ನಿಮ್ಮ ಮೊದಲ ಪ್ರಶ್ನೆ: "ನೀರೆಷ್ಟು ಇಟ್ಟುಕೊಂಡಿದ್ದೀ?" ಕುಡಿಯಲು, ಅಡುಗೆಗೆ ಸೇರಿ ಒಬ್ಬೊಬ್ಬರಿಗೆ ದಿನಕ್ಕೆ 5 ಲೀಟರಿಗೆ ಕಡಿಮೆಯಾಗಬಾರದು, ಸೆಕೆಗಾಲದಲ್ಲಿ ಇನ್ನೂ ಹೆಚ್ಚು ಬೇಕು. ಪ್ರಯಾಣದ ದಿನಗಳ ಲೆಕ್ಕಕ್ಕೆ ಇನ್ನೂ ಕೆಲವು ದಿನಗಳದ್ದು ಸೇರಿಸಿ ಒಯ್ಯಬೇಕು. ಎಲ್ಲವನ್ನೂ ಒಂದೇ ಡ್ರಮ್ಮಿನಲ್ಲಿ ತುಂಬಿಸಬಾರದು. ಅದು ಒಡೆದರೆ ಎಲ್ಲವೂ ಮುಗಿಯಿತು.

ಎರಡನೆಯದು: "ಯಾವ ತಿಂಗಳು?" ಮೇಯಿಂದ ಆಗಸ್ಟ್ ಒಳ್ಳೆಯ ಕಾಲ. ಆಗ ಅಲ್ಲಿ ಚಳಿಗಾಲ, ರಾತ್ರಿಗೆ ದಪ್ಪ ಕಂಬಳಿ ಬೇಕು. ಡಿಸೆಂಬರ್, ಜನವರಿಯ ಬಿಸಿಲು 45 ಡಿಗ್ರಿ ದಾಟುತ್ತದೆ. ಆಗ ಹೊರಟರೆ ಬೇಡವೆನ್ನಿ.

ಮೂರನೆಯದೇ ಮುಖ್ಯ: "ಗಾಡಿ ಕೆಟ್ಟು ನಿಂತರೆ ಏನು ಮಾಡುತ್ತೀ?" 1963ರ ಡಿಸೆಂಬರ್‌ನಲ್ಲಿ ಇದೇ ದಾರಿಯಲ್ಲಿ ತಂದೆ, ತಾಯಿ, ಮೂವರು ಗಂಡುಮಕ್ಕಳ ಕುಟುಂಬವೊಂದರ ಕಾರು ನಿಂತುಹೋಯಿತು. ಅವರು ಕಾರನ್ನು ಬಿಟ್ಟು ನೀರು ಹುಡುಕಿಕೊಂಡು ನಡೆದರು. ಐವರೂ ಬಾಯಾರಿ ಸತ್ತರು. ಹುಡುಕಲು ಬಂದವರಿಗೆ ಕಾರು ಬೇಗ ಕಣ್ಣಿಗೆ ಬೀಳುತ್ತದೆ. ಬಯಲಿನಲ್ಲಿ ನಡೆಯುವ ಮನುಷ್ಯ ಬೀಳುವುದಿಲ್ಲ. ಕಾರಿನಲ್ಲಿ ನೆರಳಿದೆ, ನೀರಿದೆ. ಆದ್ದರಿಂದ ಮಗ ಹೇಳಬೇಕಾದ ಉತ್ತರ ಒಂದೇ: "ಗಾಡಿಯನ್ನು ಬಿಟ್ಟು ಹೋಗುವುದಿಲ್ಲ." ಅದನ್ನು ಅವನ ಬಾಯಿಂದಲೇ ಹೇಳಿಸಿ.

ನಾಲ್ಕನೆಯದು: "ಸಹಾಯ ಕೇಳುವುದು ಹೇಗೆ?" ಮಾಮೂಲಿ ಮೊಬೈಲ್ ಅಲ್ಲಿ ಹೆಚ್ಚಿನ ಕಡೆ ಸತ್ತ ವಸ್ತು. ಉಪಗ್ರಹ ಫೋನ್ ಅಥವಾ ಗುಂಡಿ ಒತ್ತಿದರೆ ನಾವಿರುವ ಜಾಗವನ್ನು ಉಪಗ್ರಹದ ಮೂಲಕ ರಕ್ಷಣಾ ಕೇಂದ್ರಕ್ಕೆ ತಿಳಿಸುವ ಸಣ್ಣ ಬೀಕನ್ ಜೊತೆಗಿರಲಿ. ಎರಡು ಗಾಡಿಗಳಲ್ಲಿ ಹೋದರೆ ಇನ್ನೂ ಒಳ್ಳೆಯದು. ಪ್ರತಿಯೊಂದಕ್ಕೂ ಎರಡು ಸ್ಟೆಪ್ನಿ ಬೇಕು. ಯಾವ ದಾರಿ, ಯಾವ ದಿನ ಎಲ್ಲಿ ತಲುಪುತ್ತೇವೆ ಎಂಬುದನ್ನು ಬರೆದು ಅಲ್ಲಿನ ಒಬ್ಬ ಪರಿಚಯದವರಿಗೂ ನಿಮಗೂ ಕೊಟ್ಟಿರಲಿ. ಮಳೆ ಬಂದರೆ ಸರಕಾರವೇ ರಸ್ತೆ ಮುಚ್ಚುತ್ತದೆ. ಮುಚ್ಚಿದ ರಸ್ತೆಗೆ ಗಾಡಿ ಇಳಿಸಿದರೆ ದಂಡವೂ ಇದೆ.

ಇನ್ನು ಮೀನಿನ ಮಾತು. ಕರಾವಳಿಯವರಾದ ನಮಗೆ ಅದರ ಆಸೆ ಅರ್ಥವಾಗದೆ ಇರುತ್ತದೆಯೇ? ಹಲಾಲ್ ಮಾಂಸ ಸಿಗದ ಆ ದಾರಿಯಲ್ಲಿ ಗಾಳಕ್ಕೆ ಬಿದ್ದ ಮೀನು ದೊಡ್ಡ ನೆಮ್ಮದಿ. ಬರ್ಡ್ಸ್‌ವಿಲ್ ದಾರಿಗೆ ಅಡ್ಡಲಾಗಿ ಕೂಪರ್ ಎಂಬ ಹೊಳೆಯ ಪಾತ್ರವಿದೆ. ಅಲ್ಲಿ ನೀರು ಹರಿಯುವುದು ಅಪರೂಪ. ಆದರೆ ಅದರ ಮೇಲ್ಭಾಗದಲ್ಲಿ, ಇನ್ನಮಿಂಕಾ ಊರಿನ ಬಳಿ ಆಳವಾದ ಮಡುಗಳಿವೆ. ದಡದಲ್ಲಿ ಟೆಂಟ್ ಹಾಕಿ 'ಯೆಲ್ಲೋಬೆಲ್ಲಿ' ಎಂಬ ಹೊಂಬಣ್ಣದ ಮೀನಿಗೆ ಗಾಳ ಹಾಕುತ್ತಾರೆ. ಎಷ್ಟು, ಯಾವ ಗಾತ್ರದ ಮೀನು ಹಿಡಿಯಬಹುದೆಂಬ ನಿಯಮವನ್ನು ಮೊದಲೇ ಕೇಳಿಕೊಳ್ಳಬೇಕು. ಪಾತ್ರೆಯನ್ನು ಸೋಪು ಹಾಕಿ ಮಡುವಿನಲ್ಲಿ ತೊಳೆಯಬಾರದು. ನೀಲಗಿರಿ ಜಾತಿಯ ಹೆಮ್ಮರಗಳ ಕೆಳಗೆ ಟೆಂಟ್ ಬೇಡ. ಗಾಳಿಯಿಲ್ಲದಿದ್ದರೂ ಅವುಗಳ ಕೊಂಬೆ ಮುರಿದು ಬೀಳುವುದುಂಟು. ಒಣಗಿದ ಹಳ್ಳದೊಳಗೂ ಬೇಡ. ದೂರದಲ್ಲಿ ಬಿದ್ದ ಮಳೆಯ ನೀರು ಅಲ್ಲಿಗೆ ಹರಿದು ಬರಬಹುದು.

ಇದೇ ಕೂಪರ್ ಹೊಳೆಯ ದಡದಲ್ಲಿ 1861ರಲ್ಲಿ ಬರ್ಕ್ ಮತ್ತು ವಿಲ್ಸ್ ಎಂಬ ಇಬ್ಬರು ಅನ್ವೇಷಕರು ಕೃಶರಾಗಿ ಸತ್ತರು. ಉತ್ತರದ ಕಡಲಿನ ಸಮೀಪಕ್ಕೆ ಹೋಗಿ ಅವರು ಶಿಬಿರಕ್ಕೆ ಮರಳಿದ್ದು ಏಪ್ರಿಲ್ 21ರ ಸಂಜೆ. ಅವರಿಗಾಗಿ ತಿಂಗಳುಗಟ್ಟಲೆ ಕಾದಿದ್ದ ಸಂಗಡಿಗರು ಅದೇ ಬೆಳಿಗ್ಗೆ ಹೊರಟುಹೋಗಿದ್ದರು. ಆ ನೆಲದ ಯಾಂಡ್ರುವಂದಾ ಜನರು ಅವರಿಗೆ ಮೀನು ಕೊಟ್ಟಿದ್ದರು. ಬರ್ಕ್ ಮಾತ್ರ ಅವರನ್ನು ನಂಬದೆ ಗುಂಡು ಹಾರಿಸಿ ಓಡಿಸಿದನು. ಜೊತೆಯಲ್ಲಿದ್ದ ಕಿಂಗ್ ಎಂಬಾತ ಕೊನೆಗೆ ಅದೇ ಜನರ ಆಸರೆ ಸೇರಿದನು. ಅವರು ಅವನನ್ನು ತಮ್ಮವನಂತೆ ನೋಡಿಕೊಂಡರು. ಸೆಪ್ಟೆಂಬರ್‌ನಲ್ಲಿ ಹುಡುಕಿ ಬಂದವರಿಗೆ ಅವನು ಜೀವಂತವಾಗಿ ಸಿಕ್ಕಿದನು.

ಮೀನು ತುಂಬಿದ ಹೊಳೆಯ ಬದಿಯಲ್ಲೂ ಮನುಷ್ಯ ಹಸಿವಿನಿಂದ ಸಾಯಬಹುದು ಎಂಬುದನ್ನು ಮರೆಯಬೇಡಿ. ಆದ್ದರಿಂದ ನಿಮ್ಮ ಕೊನೆಯ ಪ್ರಶ್ನೆ ಇದಾಗಲಿ: "ಜೊತೆಗೆ ಬರುವವರು ಯಾರು ಮಗಾ?" ಆ ದಾರಿ ಬಲ್ಲವರ ಮಾತು ಕೇಳುವವರೇ? ಒಬ್ಬನಿಗೆ ಕಾಯಿಲೆಯಾದರೆ ಎಲ್ಲರೂ ಹಿಂದಿರುಗುವವರೇ? ಹೌದೆಂದರೆ ಸಂತೋಷದಿಂದ ಕಳುಹಿಸಿ. ಮಕ್ಕಳು ಲೋಕ ನೋಡಬೇಕು. ಅವನು ಬರೆದು ಕೊಟ್ಟ ದಿನಗಳ ಪಟ್ಟಿಯನ್ನು ಕ್ಯಾಲೆಂಡರಿನ ಪಕ್ಕದಲ್ಲೇ ಅಂಟಿಸಿಡಿ. ಹೇಳಿದ ದಿನ ಕರೆ ಬಾರದಿದ್ದರೆ ಯಾರಿಗೆ ಫೋನ್ ಮಾಡಬೇಕೆಂಬುದೂ ಅದರಲ್ಲಿರಲಿ.