ಅಂಚೆಯ ಲಕೋಟೆಯಲ್ಲಿ ಬಂದ ನೆರಡಿ ರೋಗ



ದನಕರು ಸಾಕುವ ನಿಮಗೆ ನೆರಡಿ ರೋಗವನ್ನು ಪರಿಚಯಿಸಬೇಕಾಗಿಲ್ಲ. ಸಂಜೆ ಮೇವು ತಿಂದ ಎತ್ತು ಬೆಳಗಾಗುವಷ್ಟರಲ್ಲಿ ಸತ್ತು ಬಿದ್ದಿರುತ್ತದೆ. ಮೂಗಿನಿಂದಲೂ ಗುದದ್ವಾರದಿಂದಲೂ ಹೆಪ್ಪುಗಟ್ಟದ ಕಪ್ಪು ರಕ್ತ ಒಸರುತ್ತದೆ. ವೈದ್ಯರು ಆಂಥ್ರಾಕ್ಸ್ ಎನ್ನುವುದು ಇದನ್ನೇ. ಈ ರೋಗಾಣುವನ್ನು ಆಯುಧವನ್ನಾಗಿ ಮಾಡಿ ಮನುಷ್ಯರ ಮೇಲೆ ಪ್ರಯೋಗಿಸಿದವರೂ ಉಂಟು.

2001ನೆಯ ಇಸವಿಯ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಅಮೆರಿಕ ದೇಶದಲ್ಲಿ ಈ ರೋಗಾಣುವಿನ ಒಣಪುಡಿಯನ್ನು ಲಕೋಟೆಗಳಲ್ಲಿಟ್ಟು ಪತ್ರಿಕಾ ಕಚೇರಿಗಳಿಗೂ ಇಬ್ಬರು ಸಂಸತ್ ಸದಸ್ಯರಿಗೂ ಅಂಚೆಯಲ್ಲಿ ಕಳುಹಿಸಲಾಯಿತು. 22 ಮಂದಿ ರೋಗಕ್ಕೆ ತುತ್ತಾದರು, ಐವರು ಮೃತರಾದರು. ಅಕ್ಟೋಬರ್ 15ರಂದು ಸಂಸತ್ ಭವನದ ಕಚೇರಿಯೊಂದರಲ್ಲಿ ಇಂತಹ ಲಕೋಟೆ ತೆರೆದಾಗ, ಅಲ್ಲಿನ ಸಿಬ್ಬಂದಿಗೆ ಕೂಡಲೇ ಔಷಧ ನೀಡಲಾಯಿತು. ಆದರೆ ಅದೇ ಲಕೋಟೆಯನ್ನು ವಿಂಗಡಿಸಿದ್ದ ಅಂಚೆ ನೌಕರರ ನೆನಪು ಆರೋಗ್ಯಾಧಿಕಾರಿಗಳಿಗೆ ತಡವಾಗಿ ಬಂದಿತು. ಅಂಟಿಸಿದ ಲಕೋಟೆಯಿಂದ ಪುಡಿ ಹೊರಬಾರದೆಂದು ಅವರು ನಂಬಿದ್ದರು. ವಿಂಗಡಿಸುವ ಯಂತ್ರ ಲಕೋಟೆಯನ್ನು ಹಿಂಡಿದಾಗ ಪುಡಿ ಗಾಳಿಗೆ ಸೇರಿತ್ತು. ಇಬ್ಬರು ಅಂಚೆ ನೌಕರರು ಪ್ರಾಣ ಬಿಟ್ಟರು. ಅವರಲ್ಲೊಬ್ಬರು ಸಾಯುವ ಹಿಂದಿನ ದಿನ ಆಸ್ಪತ್ರೆಗೆ ಹೋಗಿ, ಸಾಮಾನ್ಯ ಕಾಯಿಲೆಯೆಂಬ ಮಾತು ಕೇಳಿ ಮನೆಗೆ ಮರಳಿದ್ದರು. ಸಿರಿವಂತ ದೇಶ, ಔಷಧಕ್ಕೆ ಬರವಿರಲಿಲ್ಲ. ರೋಗಿಯ ಕಸುಬಿಗೂ ಅವನ ಜ್ವರಕ್ಕೂ ಇದ್ದ ಸಂಬಂಧ ಹೊಳೆಯಲಿಲ್ಲ, ಅಷ್ಟೆ.

ಇಂತಹ ಕೃತ್ಯ ನಮ್ಮ ಹಳ್ಳಿಯಲ್ಲಿ ನಡೆದೀತೆಂದು ನಾನು ಹೆದರಿಸುತ್ತಿಲ್ಲ. ಆದರೆ ರೋಗ ತಾನಾಗಿ ಬಂದಿರಲಿ, ಯಾರೋ ಹರಡಿರಲಿ, ಅದನ್ನು ಮೊದಲು ಕಾಣಬೇಕಾದ ಸ್ಥಳ ಪ್ರಾಥಮಿಕ ಆರೋಗ್ಯ ಕೇಂದ್ರವೇ. ನಮ್ಮ ದೇಶದಲ್ಲಿ ರೋಗಗಳ ಮೇಲೆ ಕಣ್ಣಿಡುವ ಸಮಗ್ರ ಯೋಜನೆ 2004ರಲ್ಲಿ ಆರಂಭವಾಯಿತು. ನಿಮ್ಮ ಊರಿನ ಜ್ವರ, ಭೇದಿಗಳ ಲೆಕ್ಕ ಜಿಲ್ಲೆಗೆ ತಲಪುವುದು ಅದರ ಮೂಲಕ. ನೀವು ಹೇಳದಿದ್ದರೆ ಆ ಲೆಕ್ಕಕ್ಕೆ ಬೆಲೆಯಿಲ್ಲ.

ಇಲ್ಲೊಂದು ಮಾತು. ಹೆಂಡತಿಯನ್ನು ಕರೆತಂದ ಗಂಡನೇ ಅನೇಕ ವೇಳೆ ಆಕೆಯ ಪರವಾಗಿ ಉತ್ತರಿಸುತ್ತಾನೆ. ‘ಏನು ಕೆಲಸ?’ ಎಂದರೆ, ‘ಏನೂ ಇಲ್ಲ ಸಾರ್, ಮನೆಯಲ್ಲೇ ಇರುತ್ತಾಳೆ’ ಎನ್ನುತ್ತಾನೆ. ಕೊಟ್ಟಿಗೆ ಗುಡಿಸುವವಳು, ಸತ್ತ ಕರುವನ್ನು ಮುಟ್ಟಿದವಳು ಆಕೆಯೇ! ತಾಯಂದಿರೇ, ನೀವೇ ಬಾಯಿಬಿಟ್ಟು ಹೇಳಿ. ಕೈಯ ಮೇಲೆ ನೋವಿಲ್ಲದ, ನಡುವೆ ಕಪ್ಪಗಾದ ಹುಣ್ಣಿದ್ದರೆ ಅವಶ್ಯವಾಗಿ ತೋರಿಸಿ. ಬೇಗ ಬಂದರೆ ಔಷಧದಿಂದ ವಾಸಿಯಾಗುತ್ತದೆ.

ದನ ಹಠಾತ್ತನೆ ಸತ್ತರೆ ಚರ್ಮ ಸುಲಿಯಬೇಡಿ, ಕೊಯ್ಯಬೇಡಿ, ಮಾಂಸ ತಿನ್ನಬೇಡಿ. ಕೊಯ್ದರೆ ರೋಗಾಣು ಗಾಳಿಗೆ ಒಡ್ಡಿಕೊಂಡು ಬೀಜರೂಪ ತಾಳಿ, ಮಣ್ಣಿನಲ್ಲಿ ದಶಕಗಳ ಕಾಲ ಜೀವಂತವಾಗಿರಬಲ್ಲದು. ಪಶುವೈದ್ಯರಿಗೆ ತಿಳಿಸಿ, ಅವರು ಹೇಳಿದಂತೆ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿರಿ. ಅದೇ ದಿನ ಆಶಾ ಕಾರ್ಯಕರ್ತೆಗೂ ಒಂದು ಮಾತು ಹೇಳಿ.