ಹೃದಯದೊಳಗಿನ ಅಡ್ಡದಾರಿಯ ಶೋಧ

ನಮ್ಮ ಹೃದಯದ ಪ್ರತಿಯೊಂದು ಮಿಡಿತಕ್ಕೂ ಸೂಕ್ಷ್ಮವಾದ ವಿದ್ಯುತ್ ಪ್ರಚೋದನೆಯೇ ಮೂಲ. ಬಲಭಾಗದ ಮೇಲಿನ ಕೋಣೆಯಲ್ಲಿರುವ ಸೈನಸ್ ಗಂಟಿನಲ್ಲಿ ಹುಟ್ಟುವ ಈ ಪ್ರಚೋದನೆಯು ಮೇಲಿನ ಎರಡೂ ಕೋಣೆಗಳಲ್ಲಿ ಹರಡಿ, ನಡುವಣ ಎ.ವಿ. ಗಂಟಿನಲ್ಲಿ ಕ್ಷಣಕಾಲ ತಡೆದು, ಬಳಿಕ ಕೆಳಗಿನ ಕೋಣೆಗಳಿಗೆ ಇಳಿಯುತ್ತದೆ. ಕೆಳಕೋಣೆಗಳಲ್ಲಿ ರಕ್ತ ತುಂಬಿಕೊಳ್ಳಲು ಈ ತಡೆ ಅವಶ್ಯಕ.

ಕೆಲವರಲ್ಲಿ ಹುಟ್ಟಿನಿಂದಲೇ ಮೇಲಿನ ಹಾಗೂ ಕೆಳಗಿನ ಕೋಣೆಗಳನ್ನು ಜೋಡಿಸುವ ಸ್ನಾಯುವಿನ ಎಳೆಯೊಂದು ಹೆಚ್ಚಾಗಿರುತ್ತದೆ. ರಾಜಮಾರ್ಗದಲ್ಲಿ ಇಳಿದ ಪ್ರಚೋದನೆಯು ಈ ಅಡ್ಡದಾರಿಯಲ್ಲಿ ಮೇಲೇರಿ ಸುತ್ತತೊಡಗಿದರೆ, ಮಿಡಿತವು ಥಟ್ಟನೆ ನಿಮಿಷಕ್ಕೆ 150ನ್ನೂ ಮೀರಬಹುದು. ಹಾಗೆಯೇ ಥಟ್ಟನೆ ನಿಲ್ಲಲೂಬಹುದು. 1930ರಲ್ಲಿ ವುಲ್ಫ್, ಪಾರ್ಕಿನ್ಸನ್ ಮತ್ತು ವೈಟ್ ಎಂಬ ವೈದ್ಯರು ವಿವರಿಸಿದ ಕಾಯಿಲೆ ಈ ಬಗೆಯದು. ಆಸ್ಪತ್ರೆ ತಲುಪುವಷ್ಟರಲ್ಲಿ ಎದೆಬಡಿತ ಶಾಂತವಾಗಿ, ಕೆಲವರಲ್ಲಿ ಇಸಿಜಿಯೂ ಸಹಜವಾಗಿ ಕಾಣುವುದರಿಂದ, ನಾವು ಇದನ್ನು ಅಂಜಿಕೆಯೆಂದೋ ವಾಯುವೆಂದೋ ತಳ್ಳಿಹಾಕುವುದುಂಟು.

1968ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವೈದ್ಯರು ಮೀನುಗಾರನೊಬ್ಬನ ಎದೆಯನ್ನು ತೆರೆದು, ಹೃದಯದ ಮೇಲ್ಮೈಯಲ್ಲಿ ವಿದ್ಯುತ್ತಿನ ಚಲನೆಯನ್ನು ಅಳೆದು, ಆ ಎಳೆಯನ್ನು ಕತ್ತರಿಸಿದರು. ಇಂದು ಸಾಮಾನ್ಯವಾಗಿ ಎದೆ ತೆರೆಯಬೇಕಿಲ್ಲ. ತೊಡೆಸಂದಿನ ರಕ್ತನಾಳದ ಮೂಲಕ ತೆಳುವಾದ ಕ್ಯಾತಿಟರ್‌ಗಳನ್ನು ಹೃದಯದೊಳಕ್ಕೆ ಕಳುಹಿಸಿ, ಯಾವ ಜಾಗಕ್ಕೆ ಪ್ರಚೋದನೆ ಎಷ್ಟು ಹೊತ್ತಿಗೆ ತಲುಪಿತೆಂಬುದನ್ನು ಸೆಕೆಂಡಿನ ಸಾವಿರದ ಒಂದಂಶದ ಲೆಕ್ಕದಲ್ಲಿ ಗುರುತಿಸುತ್ತಾರೆ. ಅಗತ್ಯವಿದ್ದರೆ ವೇಗದ ಮಿಡಿತವನ್ನು ಬೇಕೆಂದೇ ಎಬ್ಬಿಸಿ ನೋಡುತ್ತಾರೆ. ಒಂದು ಕೋಣೆಯಿಂದ ಇನ್ನೊಂದಕ್ಕೆ ಪ್ರಚೋದನೆ ಎಲ್ಲಿ ಎಲ್ಲಕ್ಕಿಂತ ಮೊದಲು ದಾಟುವುದೋ ಅಲ್ಲೇ ಅಡ್ಡದಾರಿ. ಗಣಕಯಂತ್ರವು ಈ ಅಳತೆಗಳನ್ನು ಬಣ್ಣದ ನಕಾಶೆಯಾಗಿಯೂ ತೋರಿಸಬಲ್ಲದು. ಜಾಗ ಖಚಿತವಾದೊಡನೆ ರೇಡಿಯೋ ತರಂಗದ ಶಾಖದಿಂದ ಕೆಲವೇ ಮಿಲಿಮೀಟರ್ ಭಾಗವನ್ನು ನಿಷ್ಕ್ರಿಯಗೊಳಿಸುತ್ತಾರೆ. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಇದು ಫಲ ನೀಡುತ್ತದೆ.

ಅಪಾಯವು ಕಡಿಮೆಯಾದರೂ ಇಲ್ಲದಿಲ್ಲ. ಎಳೆಯು ಎ.ವಿ. ಗಂಟಿನ ಸಮೀಪವಿದ್ದರೆ ಸಹಜ ಮಾರ್ಗಕ್ಕೇ ಧಕ್ಕೆಯಾಗಿ ಪೇಸ್‌ಮೇಕರ್ ಬೇಕಾಗಬಹುದು. ನಕಾಶೆಯ ನಿಖರತೆಗೆ ಇಷ್ಟು ಮಹತ್ವವಿರುವುದು ಇದಕ್ಕಾಗಿಯೇ.

ಎದೆಬಡಿತವು ಏಕಾಏಕಿ ಏರಿ ಏಕಾಏಕಿ ಇಳಿಯುತ್ತಿದ್ದರೆ, ಅದು ಆರಂಭವಾದ ಮತ್ತು ನಿಂತ ಸಮಯವನ್ನು ಬರೆದಿಟ್ಟುಕೊಳ್ಳೋಣ. ಸಾಧ್ಯವಾದರೆ ಬಡಿತ ನಡೆಯುತ್ತಿರುವಾಗಲೇ ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ತೆಗೆಸೋಣ; ಆ ಒಂದು ಕಾಗದ ತಜ್ಞರಿಗೆ ಬಹಳ ನೆರವಾಗುತ್ತದೆ. ಬೇರೆಯವರ ಮಾತ್ರೆಗಳನ್ನು ನುಂಗುವುದು ಬೇಡ. ಮಿಡಿತ ಇಳಿಸುವ ಕೆಲವು ಔಷಧಗಳೇ ಈ ಕಾಯಿಲೆಯಲ್ಲಿ ಅಪಾಯ ತರಬಲ್ಲವು. ಎಚ್ಚರ ತಪ್ಪಿದರೆ, ಎದೆನೋವು ಬಂದರೆ, ಅಥವಾ ಕುಟುಂಬದಲ್ಲಿ ಎಳೆವಯಸ್ಸಿನವರು ಹಠಾತ್ತನೆ ತೀರಿಕೊಂಡಿದ್ದರೆ ವೈದ್ಯರನ್ನು ಕಾಣಲು ತಡಮಾಡದಿರೋಣ.